ಕಿಟಕಿಯ ಕೆಳಗಿನ ಹಾಡು: ಫಿಲಿಪೀನ್ಸಿನ ಹರಾನಾ ಮತ್ತು ಕುಂದಿಮಾನ್

ಯೇಸುಸಭೆಯ ಗುರು ಪೆದ್ರೊ ಚಿರಿನೊ ಅವರು 1590ರಲ್ಲಿ ಫಿಲಿಪೀನ್ಸ್ ದ್ವೀಪಗಳಿಗೆ ಬಂದಿಳಿದರು. ಅಲ್ಲಿ ತಾವು ಕಂಡು ಕೇಳಿದ ಸಂಗತಿಗಳನ್ನು ಅವರು ಬರೆದ ಗ್ರಂಥವು 1604ರಲ್ಲಿ ರೋಮ್ ನಗರದಲ್ಲಿ ಅಚ್ಚಾಯಿತು. ಧರ್ಮಪ್ರಚಾರದ ವರದಿಯೆಂದು ಓದತೊಡಗಿದವರಿಗೆ ಅದರಲ್ಲಿ ಅನಿರೀಕ್ಷಿತವಾದೊಂದು ಪ್ರಸ್ತಾಪ ಎದುರಾಗುತ್ತದೆ. ಈ ದ್ವೀಪವಾಸಿಗಳು ಪ್ರೀತಿಯ ಮಾತಿನಲ್ಲಿ ಬಹಳ ಧಾರಾಳಿಗಳು. ನಯವಾದ ಪದಗಳಿಂದ ತುಂಬಿದ ಓಲೆಗಳನ್ನು ಪರಸ್ಪರ ಬರೆದುಕೊಳ್ಳುವವರು. ಆ ಕಾರಣದಿಂದಲೇ ಸಂಗೀತದಲ್ಲಿಯೂ ಅವರಿಗೆ ಅಪಾರ ಆಸಕ್ತಿ ಎನ್ನುತ್ತಾರೆ ಚಿರಿನೊ. ಅವರ 'ಕುತ್ಯಾಪಿ' ಎಂಬ ವಾದ್ಯಕ್ಕೆ ಲೋಹದ ತಂತಿಗಳು ನಾಲ್ಕೇ. ಆದರೂ ತುಟಿ ಬಿಚ್ಚದೆ, ಆ ತಂತಿಗಳನ್ನು ಮೀಟುವುದರಿಂದಲೇ ಒಬ್ಬರು ಇನ್ನೊಬ್ಬರಿಗೆ ಮನಸ್ಸಿನ ಮಾತನ್ನು ತಿಳಿಸಬಲ್ಲರಂತೆ. ಬೇರೆ ಯಾವ ಜನಾಂಗದಲ್ಲಿಯೂ ಇಂಥದನ್ನು ಕೇಳಿಲ್ಲವೆಂದು ಅವರು ಬೆರಗಿನಿಂದ ಸೇರಿಸುತ್ತಾರೆ.

ಈ ವಾದ್ಯದ ಹೆಸರು ಕನ್ನಡಿಗರ ಕಿವಿಗೆ ಪೂರ್ತಿ ಅಪರಿಚಿತವೇನಲ್ಲ. ಕುತ್ಯಾಪಿ, ಕುಡ್ಯಾಪಿ ಎಂಬ ರೂಪಗಳ ಮೂಲವು ಸಂಸ್ಕೃತದ 'ಕಚ್ಛಪಿ' ಎಂದು ಭಾಷಾಶಾಸ್ತ್ರಜ್ಞರು ಗುರುತಿಸಿದ್ದಾರೆ; ಸರಸ್ವತಿಯ ವೀಣೆಗೆ ನಮ್ಮಲ್ಲಿ ಇರುವ ಹೆಸರೇ ಅದು. ಪದಗಳು ಹಡಗಿನಲ್ಲಿ ಮಲಯ ನಾಡುಗಳನ್ನು ಹಾದು ಆ ದ್ವೀಪಗಳನ್ನು ಸೇರಿದವು. ಟಗಲೋಗ್ ಭಾಷೆಯಲ್ಲಿ ಪ್ರಿಯೆಯನ್ನು 'ಸಿಂತಾ' ಎಂದು ಕರೆಯುತ್ತಾರೆ. ಅದು ನಮ್ಮ 'ಚಿಂತಾ' ಶಬ್ದವೇ. ಸಂಸ್ಕೃತದಲ್ಲಿ ಯೋಚನೆಯೂ ಕಳವಳವೂ ಆಗಿದ್ದುದು ಅಲ್ಲಿಗೆ ಹೋಗುವಷ್ಟರಲ್ಲಿ ಪ್ರೀತಿಯಾಯಿತು. ಅರ್ಥವು ಬಹಳ ದೂರ ಸರಿದಂತೆ ತೋರುವುದಿಲ್ಲ.

ಚಿರಿನೊ ಅವರ ನಂತರ ಬಂದ ಇನ್ನೊಬ್ಬ ಯೇಸುಸಭೆಯ ಗುರು ಫ್ರಾನ್ಸಿಸ್ಕೊ ಅಲ್ಸಿನಾ. ಇವರು ಸಮಾರ್ ಮತ್ತು ಲೇತೆ ದ್ವೀಪಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಜನರ ನಡುವೆ ಬದುಕಿ, 1668ರಲ್ಲಿ ವಿಸಾಯ ಜನರ ಚರಿತ್ರೆಯನ್ನು ಬರೆದರು. ಕುಡ್ಯಾಪಿಯನ್ನು ನುಡಿಸುವವರು ಗಂಡಸರು. ಹೆಂಗಸರ ಕೈಯಲ್ಲಿ 'ಕೊರ್ಲೊಂಗ್' ಎಂಬ ಬೇರೊಂದು ವಾದ್ಯ. ಬಿದಿರಿನ ಒಂದು ಗೆಣ್ಣನ್ನು ತೆಗೆದುಕೊಂಡು, ಅದರ ಸಿಪ್ಪೆಯನ್ನೇ ಎಳೆಯೆಳೆಯಾಗಿ ಎಬ್ಬಿಸಿ ತಂತಿಗಳನ್ನಾಗಿ ಮಾಡಿ, ಎರಡು ಕೈಗಳಿಂದ ಮೀಟುವಂಥದು. ಗಂಡಿನ ತಂತಿ ಕೇಳುತ್ತಿತ್ತು, ಹೆಣ್ಣಿನ ಬಿದಿರು ಉತ್ತರಿಸುತ್ತಿತ್ತು. ಮುಂದೆ ಫಿಲಿಪೀನ್ಸಿನಲ್ಲಿ ಬೆಳೆದ ಪ್ರೇಮಗೀತೆಯ ಸಂಪ್ರದಾಯವನ್ನು ಸ್ಪೇನಿನ ಬಳುವಳಿ ಎಂದಷ್ಟೇ ಹೇಳಿ ಮುಗಿಸುವವರು ಈ ಎರಡು ಪುಟಗಳನ್ನು ಓದಿಲ್ಲವೆಂದೇ ತಿಳಿಯಬೇಕು.

ಸ್ಪೇನಿನ ಬಳುವಳಿಯೂ ಸಣ್ಣದಲ್ಲ. 1565ರಿಂದ 1898ರವರೆಗೆ ಆ ದ್ವೀಪಗಳು ಸ್ಪೇನಿನ ಆಳ್ವಿಕೆಯಲ್ಲಿದ್ದವು; 1815ರವರೆಗೂ ಮನಿಲಾ ಮತ್ತು ಮೆಕ್ಸಿಕೋದ ಅಕಾಪುಲ್ಕೊ ಬಂದರುಗಳ ನಡುವೆ ಹಡಗುಗಳು ಓಡಾಡಿದವು. ಆ ಹಡಗುಗಳಲ್ಲಿ ಬೆಳ್ಳಿ, ರೇಷ್ಮೆಗಳ ಜೊತೆಗೆ ಗಿಟಾರೂ ಬಂತು. ದೇವಾಲಯಗಳಲ್ಲಿ ಸಂಗೀತಪಾಠ ಆರಂಭವಾಯಿತು. ಲಗೂನಾ ಪ್ರಾಂತದ ಲುಂಬಾಂಗ್ ಎಂಬಲ್ಲಿ ಫ್ರಾನ್ಸಿಸ್ಕನ್ ಸಭೆಯವರು 1606ರಲ್ಲಿ ಊರೂರುಗಳಿಂದ ಹುಡುಗರನ್ನು ಕರೆತಂದು ಗಾಯನವನ್ನೂ ವಾದ್ಯಗಳನ್ನೂ ಕಲಿಸಿ ಮರಳಿ ತಮ್ಮ ತಮ್ಮ ಊರುಗಳಿಗೆ ಕಳುಹಿಸಿದರು. ಭಾನುವಾರ ಬೆಳಿಗ್ಗೆ ಬಲಿಪೂಜೆಯಲ್ಲಿ ಹಾಡಿದ ಕಂಠವು ಶನಿವಾರ ರಾತ್ರಿ ಯಾರ ಕಿಟಕಿಯ ಕೆಳಗೆ ಹಾಡಿತ್ತು ಎಂಬುದನ್ನು ಧರ್ಮಕೇಂದ್ರದ ಗುರುಗಳು ಬಲ್ಲವರಾಗಿದ್ದಿರಬೇಕು. ಅವರಿಗೆ ಪರಮಗೀತೆ ತಿಳಿಯದ ಗ್ರಂಥವಲ್ಲವಷ್ಟೆ. ಅಲ್ಲಿಯೂ ಪ್ರಿಯನು ಗೋಡೆಯಾಚೆ ನಿಂತು ಕಿಟಕಿಯತ್ತ ನೋಡುತ್ತಾನೆ.

ಇಂತಹ ರಾತ್ರಿಯ ಹಾಡಿಗೆ 'ಹರಾನಾ' ಎಂದು ಹೆಸರು. ಗೆಳೆಯರ ಗದ್ದಲದ ಸಂತೋಷವನ್ನು ಸೂಚಿಸುವ ಸ್ಪ್ಯಾನಿಷ್ ಶಬ್ದವೊಂದು ಇದರ ಮೂಲ ಎಂಬುದು ಬಲ್ಲವರ ಅಭಿಪ್ರಾಯ. ಕ್ಯೂಬಾದಿಂದ ಸ್ಪೇನಿಗೆ ಹೋಗಿ ಹತ್ತೊಂಬತ್ತನೆಯ ಶತಮಾನದಲ್ಲಿ ಮನಿಲಾಕ್ಕೆ ಬಂದ 'ಹಬನೇರಾ' ಎಂಬ ಎರಡೆಣಿಕೆಯ ತೂಗುನಡೆಯ ತಾಳವು ಅದರ ಬೆನ್ನೆಲುಬಾಯಿತು. ಆದರೆ ಹರಾನಾದಲ್ಲಿ ಗದ್ದಲಕ್ಕೆ ಎಡೆಯಿರಲಿಲ್ಲ. ಅದಕ್ಕೊಂದು ಕ್ರಮವಿತ್ತು, ಆ ಕ್ರಮವನ್ನು ಸ್ವಲ್ಪ ನಿಧಾನವಾಗಿಯೇ ನೋಡಬೇಕು.

ಹಳ್ಳಿಯ ಮನೆಗಳು ಕಂಬಗಳ ಮೇಲೆ ಎತ್ತರದಲ್ಲಿದ್ದವು; ಸ್ಥಿತಿವಂತರ ಮನೆಗಳಲ್ಲಿ ಕೆಳಗೆ ಕಲ್ಲಿನ ಗೋಡೆ, ಮೇಲೆ ಮರದ ಅಂತಸ್ತು. ಕಿಟಕಿಗಳಿಗೆ ಗಾಜಿನ ಬದಲು ಕಪ್ಪೆಚಿಪ್ಪಿನ ತೆಳ್ಳನೆಯ ಹಾಳೆಗಳು. ಗೋವೆಯ ಹಳೆಯ ಮನೆಗಳಲ್ಲಿಯೂ ಇದೇ ಚಿಪ್ಪಿನ ಕಿಟಕಿಗಳನ್ನು ನಮ್ಮವರು ಕಂಡಿರುತ್ತಾರೆ. ಒಳಗೆ ದೀಪ ಹಚ್ಚಿದರೆ ಹೊರಗಿನವರಿಗೆ ಹಾಲಿನಂಥ ಬೆಳಕು ಕಾಣುತ್ತದೆ, ಮುಖ ಕಾಣುವುದಿಲ್ಲ. ಊರು ಮಲಗುವ ಹೊತ್ತಿಗೆ ಯುವಕನು ಮೂರು ನಾಲ್ಕು ಮಂದಿ ಗೆಳೆಯರೊಡನೆ, ಒಂದೆರಡು ಗಿಟಾರುಗಳೊಡನೆ ಅಂಗಳಕ್ಕೆ ಬರುತ್ತಿದ್ದನು. ಮೊದಲನೆಯದು ಕರೆಯುವ ಹಾಡು. ನಿದ್ರೆಗೆ ಭಂಗ ತಂದುದಕ್ಕೆ ಕ್ಷಮೆ ಬೇಡಿ, ಕಿಟಕಿಯಿಂದ ಒಮ್ಮೆ ನೋಡಬಾರದೆ ಎಂದು ಕೇಳುವ ಹಾಡುಗಳು ಇವು. ಸಾಂತಿಯಾಗೊ ಸುವಾರೆಸ್ ರಚಿಸಿದ 'ಓ ಇಲಾವ್', 'ದುಂಗಾವಿನ್ ಮೊ ಹಿರಾಂಗ್' ಎಂಬ ಎರಡು ಗೀತೆಗಳು ಈ ಬಗೆಯಲ್ಲಿ ಇಂದಿಗೂ ಪ್ರಸಿದ್ಧವಾಗಿವೆ. 'ಇಲಾವ್' ಎಂದರೆ ಬೆಳಕು, ದೀಪ.

ಕಿಟಕಿ ತೆರೆಯದಿದ್ದರೆ ಹಾಡು ಅಲ್ಲಿಗೇ ಮುಗಿಯಿತು. ಬಂದವರು ವಾದ್ಯಗಳನ್ನು ಹೆಗಲಿಗೇರಿಸಿಕೊಂಡು ಹಿಂದಿರುಗುತ್ತಿದ್ದರು. ತೆರೆದರೆ, ಸಾಮಾನ್ಯವಾಗಿ ತಂದೆಯೋ ತಾಯಿಯೋ ಅವರನ್ನು ಮೇಲಕ್ಕೆ ಕರೆಯುತ್ತಿದ್ದರು. ಎರಡನೆಯ ಹಂತದಲ್ಲಿ, ಮನೆಮಂದಿಯೆಲ್ಲರ ಎದುರಿನಲ್ಲಿ, ಯುವಕನು ಮನಸ್ಸನ್ನು ಬಿಚ್ಚಿಡುವ ಹಾಡು. ಮೂರನೆಯದು ಹೆಣ್ಣಿನ ಸರದಿ: ಅವಳು ಹಾಡಿನಲ್ಲಿಯೇ ಉತ್ತರ ಕೊಡಬೇಕು. ಒಪ್ಪಿಗೆಯೂ ಆಗಬಹುದು, ನಿರಾಕರಣೆಯೂ ಆಗಬಹುದು; ಹೆಚ್ಚಾಗಿ ಎರಡೂ ಅಲ್ಲದ, ಕಾಯಬೇಕೆಂದು ಸೂಚಿಸುವ ಹಾಡೇ ಬರುತ್ತಿತ್ತು. ಕೊನೆಯದು ಬೀಳ್ಕೊಡುಗೆಯ ಹಾಡು. ಅಷ್ಟರಲ್ಲಿ ನೆರೆಹೊರೆಯವರೆಲ್ಲ ಎಚ್ಚತ್ತು ಕೇಳಿರುತ್ತಿದ್ದರು.

ಈ ಕೊನೆಯ ಸಂಗತಿಯೇ ನನಗೆ ಮುಖ್ಯವೆನಿಸುತ್ತದೆ. ಗುಟ್ಟಾಗಿ ಕೊಟ್ಟ ಉಂಗುರವನ್ನು ಗುಟ್ಟಾಗಿಯೇ ಮರಳಿ ಪಡೆಯಬಹುದು, ಕೊಟ್ಟೇ ಇಲ್ಲವೆಂದೂ ಹೇಳಬಹುದು. ಊರು ಕೇಳಿದ ಹಾಡನ್ನು ಹಿಂದಕ್ಕೆ ಪಡೆಯುವಂತಿಲ್ಲ. ಮರುದಿನ ಬೆಳಿಗ್ಗೆ ಆ ಯುವಕನು ಮಾರುಕಟ್ಟೆಯಲ್ಲಿಯೂ ದೇವಾಲಯದಲ್ಲಿಯೂ ತನ್ನ ಹಾಡಿಗೆ ಹೊಣೆಗಾರನಾಗಿಯೇ ನಡೆಯಬೇಕಾಗಿತ್ತು. ಇದಕ್ಕೆ ಜೊತೆಯಾಗಿ 'ಪನಿನಿಲ್ಬಿಹಾನ್' ಎಂಬ ಕಠಿಣವಾದ ಪದ್ಧತಿಯೊಂದಿತ್ತು: ಕನ್ಯೆಯ ಮನೆಯಲ್ಲಿ ಸೌದೆ ಒಡೆದು, ನೀರು ಹೊತ್ತು, ಭತ್ತ ಕುಟ್ಟಿ, ತಿಂಗಳುಗಟ್ಟಲೆ ಸೇವೆ ಮಾಡಿ ಯೋಗ್ಯತೆಯನ್ನು ತೋರಿಸುವುದು. ಲಾಬಾನನ ಮನೆಯಲ್ಲಿ ರಾಖೇಲಳಿಗಾಗಿ ಕುರಿ ಕಾದ ಯಕೋಬನ ಕಥೆಯನ್ನು ಕೇಳಿದಾಗ ಫಿಲಿಪೀನ್ಸಿನ ರೈತರಿಗೆ ಅದು ತಮ್ಮ ಪಕ್ಕದ ಬೀದಿಯ ಸಂಗತಿಯೆಂದೇ ತೋರಿರಬೇಕು.

ಆದರೂ ಈ ಚಿತ್ರಕ್ಕೆ ಹೊಂಬಣ್ಣವನ್ನಷ್ಟೇ ಬಳಿಯುವುದು ನ್ಯಾಯವಲ್ಲ. ಹಾಡಲು ಬಾರದವನು ಏನು ಮಾಡಬೇಕಿತ್ತು? ಒಳ್ಳೆಯ ಕಂಠದ ಗೆಳೆಯನನ್ನು ಕರೆತಂದು, ತಾನು ಕತ್ತಲಲ್ಲಿ ಪಕ್ಕಕ್ಕೆ ನಿಲ್ಲುತ್ತಿದ್ದನು. ಊರಿನಲ್ಲಿ ಹೀಗೆ ಬೇರೆಯವರ ಪರವಾಗಿ ಹಾಡುವುದರಲ್ಲಿ ಹೆಸರಾದ 'ಹರಾನಿಸ್ತಾ'ಗಳು ಇರುತ್ತಿದ್ದರು. ಬೇರೆಯವರ ದನಿಯಲ್ಲಿ ಕೊಟ್ಟ ಉಡುಗೊರೆ ಯಾರದು ಎಂಬ ಪ್ರಶ್ನೆಯನ್ನು ಆ ಕಾಲದವರು ದೊಡ್ಡದು ಮಾಡಿದಂತಿಲ್ಲ. ಇನ್ನು ಹೆಣ್ಣಿನ ಪಾಲಿಗೆ, ಉತ್ತರಿಸುವ ಹಕ್ಕು ಇದ್ದರೂ ಮೊದಲು ಹಾಡುವ ಹಕ್ಕು ಇರಲಿಲ್ಲ. ಹೊಸೆ ರಿಸಾಲರು 1887ರಲ್ಲಿ ಪ್ರಕಟಿಸಿದ 'ನೋಲಿ ಮೆ ತಾಂಗೆರೆ' ಕಾದಂಬರಿಯ ನಾಯಕಿ ಮರಿಯಾ ಕ್ಲಾರಾಳನ್ನು ಮುಂದಿನವರು ಆದರ್ಶ ಕನ್ಯೆಯಾಗಿ ಮಾಡಿಕೊಂಡರು. ನಾಚುವುದು, ಕಾಯುವುದು, ಬೇಗ ಒಪ್ಪದಿರುವುದು ಅವಳ ಗುಣಗಳೆಂದು ಹೊಗಳಿದರು. ಅದೇ ಕಾದಂಬರಿಯಲ್ಲಿ ಅವಳು ಎಷ್ಟು ನೊಂದಳು ಎಂಬುದನ್ನು ಹೊಗಳಿದವರು ಮರೆತರು. ಕೊರ್ಲೊಂಗ್ ನುಡಿಸುತ್ತಿದ್ದ ವಿಸಾಯ ಹೆಣ್ಣಿಗೆ ಇನ್ನೂರು ವರ್ಷಗಳ ಹಿಂದೆ ಹೆಚ್ಚು ಸ್ವಾತಂತ್ರ್ಯವಿತ್ತೇನೋ.

ಹರಾನಾ ಒಂದು ಸಂದರ್ಭದ ಹೆಸರು. 'ಕುಂದಿಮಾನ್' ಒಂದು ಗೀತಪ್ರಕಾರದ ಹೆಸರು. 'ಹಾಗಲ್ಲದೆ ಹೋದರೆ' ಎಂಬ ಅರ್ಥದ ಮೂರು ಟಗಲೋಗ್ ಪದಗಳು ಕೂಡಿ ಈ ಶಬ್ದವಾಯಿತೆಂದು ಸಾಮಾನ್ಯವಾಗಿ ವಿವರಿಸುತ್ತಾರೆ. ಪ್ರೀತಿಸುವೆಯಾ ಎಂದು ಕೇಳಿದವನ ಎದೆಯಲ್ಲಿ ಇರುವ ಭಯವೇ ಆ ಪದ. ಇದು ಮೂರೆಣಿಕೆಯ ತಾಳದಲ್ಲಿ ಸಾಗುತ್ತದೆ. ಮೊದಲ ಭಾಗವು ಪಾಶ್ಚಾತ್ಯ ಸಂಗೀತದ ಮೈನರ್ ಶ್ರುತಿಯಲ್ಲಿ, ಅಂದರೆ ಶೋಕದ ಛಾಯೆಯಲ್ಲಿ ಆರಂಭವಾಗಿ, ಉತ್ತರಾರ್ಧದಲ್ಲಿ ಮೇಜರ್ ಶ್ರುತಿಗೆ ಹೊರಳುತ್ತದೆ. ಅಳು ಬತ್ತದೆಯೇ ಆಸೆ ಮೂಡುವಂಥ ಹೊರಳು ಅದು. ಗೋವೆಯ ಕೊಂಕಣಿ ಕ್ರೈಸ್ತರ 'ಮಾಂಡೊ' ಗೀತೆಗಳನ್ನು ಕೇಳಿ ಬೆಳೆದವರಿಗೆ ಈ ವಿಷಾದದ ಮಾಧುರ್ಯವನ್ನು ವಿವರಿಸಬೇಕಾಗಿಲ್ಲ.

ಒಬ್ಬಳೇ ಒಬ್ಬಳಿಗಾಗಿ ಹೆಣೆದ ಗೀತೆಗೆ ಅತ್ಯಂತ ಸುಂದರವಾದ ನಿದರ್ಶನ ಬುಲಾಕಾನ್ ಪ್ರಾಂತದ ಬಾಲಿವಾಗ್ ಊರಿನದು. 'ಹೊಸೆಲಿನಾಂಗ್ ಬಾಲಿವಾಗ್' ಎಂಬ ಈ ಕುಂದಿಮಾನ್ ಹೊಸೆಫಾ ತಿಯೊಂಗ್ಸನ್ ಎಂಬ ಕನ್ಯೆಯ ಕುರಿತದ್ದು. ಮನೆಯಲ್ಲಿಯೂ ಊರಿನಲ್ಲಿಯೂ ಅವಳು 'ಪೆಪಿತಾ'. ಗೀತೆಯಲ್ಲಿ ಅವಳ ಈ ಹೆಸರನ್ನು ನೇರವಾಗಿ ಕೂಗಿಲ್ಲ. ಒಂದೊಂದು ಪದ್ಯದ ಮೊದಲ ಅಕ್ಷರವನ್ನು ಮಾತ್ರ ಆರಿಸಿ ಜೋಡಿಸಿಕೊಂಡರೆ 'ಪೆಪಿತಾ' ಎಂಬ ಹೆಸರು ಮೂಡುತ್ತದೆ. ಕೇಳುವವರಿಗೆ ಹಾಡು, ತಿಳಿದವಳಿಗೆ ಓಲೆ! ಉತ್ತರ ಕರ್ನಾಟಕದ ಮದುವೆಮನೆಗಳಲ್ಲಿ ಗಂಡನ ಹೆಸರನ್ನು ನೇರವಾಗಿ ಹೇಳಲು ನಾಚಿ, ಒಡಪು ಕಟ್ಟಿ ಅದರೊಳಗೆ ಹೆಸರನ್ನು ಇಟ್ಟು ಹೇಳುವ ಮದುಮಗಳನ್ನು ಬಲ್ಲ ನಮಗೆ ಈ ಉಪಾಯದ ಸವಿ ಕೂಡಲೇ ತಿಳಿಯುತ್ತದೆ.

ಆ ಗೀತೆಯಲ್ಲಿ ಅವಳನ್ನು ಹೋಲಿಸಿರುವುದು 'ಸಂಪಾಗಾ' ಹೂವಿಗೆ. ಹೆಸರು ಸಂಪಿಗೆಯ ನೆನಪನ್ನು ತಂದರೂ ಹೂವು ಮಲ್ಲಿಗೆಯದು. 1934ರಲ್ಲಿ ಫಿಲಿಪೀನ್ಸಿನ ರಾಷ್ಟ್ರಪುಷ್ಪವೆಂದು ಘೋಷಿತವಾದ ಸಂಪಾಗೀತಾ, ಸಸ್ಯಶಾಸ್ತ್ರದ ಪ್ರಕಾರ ನಮ್ಮ ಶಂಕರಪುರದ ಉಡುಪಿ ಮಲ್ಲಿಗೆಯ ಜಾತಿಯದೇ. ಹೆಸರು ಮಾತ್ರ ಸಂಸ್ಕೃತದ ಚಂಪಕದಿಂದ ಬಂದು, ದಾರಿಯಲ್ಲಿ ಎಲ್ಲಿಯೋ ಒಂದು ಹೂವಿನಿಂದ ಇನ್ನೊಂದಕ್ಕೆ ದಾಟಿಕೊಂಡಿತು.

ಪೆಪಿತಾಳ ಹಾಡು ಅವಳ ಕಿಟಕಿಯ ಬಳಿಯಲ್ಲಿಯೇ ಉಳಿಯಲಿಲ್ಲ. 1896ರಲ್ಲಿ ಸ್ಪೇನಿನ ವಿರುದ್ಧ ಕ್ರಾಂತಿ ಭುಗಿಲೆದ್ದಾಗ ಬುಲಾಕಾನಿನ ಹೋರಾಟಗಾರರು ಇದನ್ನೇ ತಮ್ಮ ಪ್ರಿಯಗೀತೆಯನ್ನಾಗಿ ಮಾಡಿಕೊಂಡರು. ದಂಗೆಕೋರರ ಶಿಬಿರದಿಂದ ಬಂದ ಅಸಲಿ ಕುಂದಿಮಾನ್ ಎಂಬರ್ಥದ ಶೀರ್ಷಿಕೆಯೂ ಇದಕ್ಕೆ ಅಂಟಿಕೊಂಡಿತು. 'ಕ್ರಾಂತಿಯ ಕುಂದಿಮಾನ್' ಎಂದೇ ಇತಿಹಾಸದಲ್ಲಿ ಇದು ಹೆಸರಾಗಿದೆ. ಮನೆ ಬಿಟ್ಟು ಕಾಡಿಗೆ ಬಂದ ಯುವಕರು ಯಾರದೋ ಪ್ರೇಯಸಿಗಾಗಿ ಕಟ್ಟಿದ ಹಾಡನ್ನು ಏಕೆ ಹಾಡಿದರು? ಒಬ್ಬೊಬ್ಬನಿಗೂ ಊರಿನಲ್ಲಿ ತನ್ನ ಪೆಪಿತಾ ಇದ್ದಳು ಎಂಬುದು ಒಂದು ಉತ್ತರ. ಕೈಗೆಟುಕದ ಕನ್ಯೆಯ ಜಾಗದಲ್ಲಿ ಸೆರೆಯಲ್ಲಿದ್ದ ತಾಯ್ನಾಡನ್ನು ನಿಲ್ಲಿಸಿದರು ಎಂಬುದು ಇನ್ನೊಂದು. ಎರಡನ್ನೂ ಒಂದೇ ಉಸಿರಿನಲ್ಲಿ ಹಾಡಲು ಸಾಧ್ಯವಿತ್ತು ಎಂಬುದೇ ಕುಂದಿಮಾನಿನ ಬಲ.

ಆ ಬಲವು ಮುಂದೆ ಇನ್ನಷ್ಟು ಬೇಕಾಯಿತು. ಸ್ಪೇನ್ ಹೋಗಿ ಅಮೆರಿಕದ ಆಳ್ವಿಕೆ ಬಂತು. 1907ರ ಧ್ವಜಕಾಯಿದೆಯು ಫಿಲಿಪೀನ್ಸಿನ ಬಾವುಟವನ್ನು ಪ್ರದರ್ಶಿಸುವುದನ್ನು ಅಪರಾಧವೆಂದು ಸಾರಿತು. ಅದನ್ನು ಹಿಂತೆಗೆದುಕೊಂಡದ್ದು 1919ರಲ್ಲಿ. ಬಾವುಟವನ್ನು ಬಿಚ್ಚುವಂತಿರಲಿಲ್ಲ, ಆದರೆ ಪ್ರೇಮಗೀತೆಯನ್ನು ನಿಷೇಧಿಸಲು ಯಾವ ಅಧಿಕಾರಿಗೂ ಬರುವುದಿಲ್ಲ. ಈ ಕಾಲದಲ್ಲಿಯೇ ಕುಂದಿಮಾನ್ ಅಂಗಳದಿಂದ ಸಭಾಂಗಣಕ್ಕೆ ಏರಿತು. ಫ್ರಾನ್ಸಿಸ್ಕೊ ಸಾಂತಿಯಾಗೊ 1917ರಲ್ಲಿ ರಚಿಸಿದ 'ಅನಾಕ್ ದಾಲಿತಾ' ಶಾಸ್ತ್ರೀಯ ರೂಪದ ಕುಂದಿಮಾನಿಗೆ ಮಾದರಿಯಾಯಿತು. ಅದರ ಶೀರ್ಷಿಕೆಯ ಅರ್ಥ 'ದುಃಖದ ಮಗು' ಎಂದು. ಪ್ರೇಮಗೀತೆಗೆ ಇಂಥ ಹೆಸರಿಟ್ಟವನ ಮನಸ್ಸಿನಲ್ಲಿ ಇದ್ದವಳು ಹೆಣ್ಣೋ ನಾಡೋ ಎಂದು ಕೇಳುವುದು ವ್ಯರ್ಥ.

ಸಾಂತಿಯಾಗೊ ಅವರ ಕಿರಿಯ ಸಮಕಾಲೀನ ನಿಕಾನೊರ್ ಅಬೆಲಾರ್ದೊ. 1893ರಲ್ಲಿ ಬುಲಾಕಾನಿನ ಸಾನ್ ಮಿಗೆಲಿನಲ್ಲಿ ಹುಟ್ಟಿದ ಇವರು ಮೀಸೆ ಚಿಗುರುವ ಮೊದಲೇ ಮನಿಲಾದ ಪಾನಗೃಹಗಳಲ್ಲಿ ಪಿಯಾನೊ ನುಡಿಸಿ ಹೊಟ್ಟೆ ಹೊರೆದವರು. 1934ರಲ್ಲಿ ನಲವತ್ತೊಂದರ ಪ್ರಾಯದಲ್ಲಿಯೇ ತೀರಿಕೊಂಡರು. ಅವರ 'ನಾಸಾನ್ ಕಾ ಇರೊಗ್' 1923ರದು. 'ನೀನೆಲ್ಲಿರುವೆ, ಪ್ರಿಯೆ' ಎಂದು ಅದರ ಅರ್ಥ. ವೈದ್ಯಮಿತ್ರನೊಬ್ಬನ ಪ್ರೇಮದ ನೋವೇ ಅದರ ಹಿಂದಿನ ಪ್ರೇರಣೆ ಎಂದು ಹೇಳಲಾಗುತ್ತದೆ. ಹೀಗೆ ಒಬ್ಬನ ನೋವನ್ನು ಇನ್ನೊಬ್ಬನು ಸ್ವರಕ್ಕೆ ಕೂಡಿಸಿದ. ಅಚ್ಚಾದ ಸ್ವರಲಿಪಿಯನ್ನು ಕೊಂಡವರೆಲ್ಲ ಅದನ್ನು ತಮ್ಮದನ್ನಾಗಿ ಮಾಡಿಕೊಂಡರು. ಹೆಣ್ಣಿನ ಕಂಠಕ್ಕೂ ಈಗ ವೇದಿಕೆ ದೊರೆಯಿತು. 'ಕುಂದಿಮಾನಿನ ರಾಣಿ' ಎನಿಸಿದ ಅತಾಂಗ್ ದೆ ಲಾ ರಾಮಾ, 1919ರಲ್ಲಿ ತೆರೆಕಂಡ 'ದಲಾಗಾಂಗ್ ಬುಕಿದ್' ಎಂಬ ಮೂಕಿಚಿತ್ರದಲ್ಲಿ ನಟಿಸಿ, ಅದು ಪ್ರದರ್ಶನವಾಗುವಾಗ ಪರದೆಯ ಬಳಿ ತಾವೇ ನಿಂತು ಹಾಡಿದರು. 1987ರಲ್ಲಿ ಅವರಿಗೆ ರಾಷ್ಟ್ರೀಯ ಕಲಾವಿದೆಯ ಗೌರವ ಸಂದಿತು.

ಪ್ರೇಮಗೀತೆಯ ಮರೆಯಲ್ಲಿದ್ದ ತಾಯ್ನಾಡು ನೇರವಾಗಿ ಮುಂದೆ ಬಂದದ್ದು 'ಬಾಯಾನ್ ಕೊ' ಗೀತೆಯಲ್ಲಿ. ಕವಿ ಹೊಸೆ ಕೊರಾಸೊನ್ ದೆ ಹೆಸುಸ್ ಅದರ ಟಗಲೋಗ್ ಸಾಹಿತ್ಯವನ್ನು ಬರೆದರು, ಕೊನ್ಸ್ತಾನ್ಸಿಯೊ ದೆ ಗುಸ್ಮಾನ್ ಸ್ವರ ಕೂಡಿಸಿದರು. ಮಾರ್ಕೋಸರ ಸರ್ವಾಧಿಕಾರದ ದಿನಗಳಲ್ಲಿ ಅದನ್ನು ಬಹಿರಂಗವಾಗಿ ಹಾಡುವುದೇ ಪ್ರತಿಭಟನೆಯಾಗಿತ್ತು. 1983ರಲ್ಲಿ ಬೆನಿಗ್ನೊ ಅಕಿನೊ ಕೊಲೆಯಾದಾಗಲೂ, 1986ರ ಫೆಬ್ರವರಿಯಲ್ಲಿ ಜಪಮಾಲೆ ಹಿಡಿದ ಕನ್ಯಾಸ್ತ್ರೀಯರು ಮತ್ತು ಜನಸಾಮಾನ್ಯರು ಮನಿಲಾದ ಹೆದ್ದಾರಿಯಲ್ಲಿ ಟ್ಯಾಂಕುಗಳನ್ನು ತಡೆದು ನಿಂತಾಗಲೂ ಬೀದಿಗಳಲ್ಲಿ ಕೇಳಿದ್ದು ಇದೇ ಹಾಡು.

ವಿಚಿತ್ರವೆಂದರೆ, ನಾಡಿಗಾಗಿ ಹಾಡುವ ಗೀತೆ ಹೀಗೆ ಬೆಳೆಯುತ್ತಿದ್ದ ವರ್ಷಗಳಲ್ಲಿಯೇ ಕಿಟಕಿಯ ಕೆಳಗಿನ ಹಾಡು ಆರಿಹೋಗುತ್ತಿತ್ತು. ಜಾಜ್, ರೇಡಿಯೊ, ಸಿನಿಮಾಗಳು ಬಂದವು. ಯುವಜನರು ಮನಿಲಾ ಸೇರಿದರು. ನಗರದ ಇಕ್ಕಟ್ಟಿನ ವಠಾರಗಳಲ್ಲಿ ಯಾವ ಕಿಟಕಿ ಯಾರದೆಂದು ಹುಡುಕುವುದೇ ಕಷ್ಟ. 1972ರ ಸೆಪ್ಟೆಂಬರಿನಲ್ಲಿ ಸೈನಿಕ ಶಾಸನ ಬಂದಾಗ ನಡುರಾತ್ರಿಯಿಂದ ನಸುಕಿನ ನಾಲ್ಕು ಗಂಟೆಯವರೆಗೆ ಸಂಚಾರ ನಿಷೇಧವಾಯಿತು. ಗಿಟಾರು ಹಿಡಿದು ತಡವಾಗಿ ಮನೆಗೆ ಮರಳುವವರಿಗೆ ಅದು ಉತ್ತೇಜನವಾಗಿರಲಾರದು. ಅದೇ ದಶಕದಲ್ಲಿ ಫಿಲಿಪೀನ್ಸಿನವರು ದುಡಿಮೆಗಾಗಿ ಲಕ್ಷಗಟ್ಟಲೆ ಕಡಲು ದಾಟತೊಡಗಿದರು. ಪ್ರಿಯೆ ಇರುವ ಕಿಟಕಿ ಒಂದು ದೇಶದಲ್ಲಿ, ಹಾಡುವವನು ಇನ್ನೊಂದರಲ್ಲಿ. ಆಗ ಅವರು ಧ್ವನಿಸುರುಳಿಗಳನ್ನು ಆಶ್ರಯಿಸಿದರು. ಖಾಲಿ ಕ್ಯಾಸೆಟ್ಟಿನಲ್ಲಿ ತಮ್ಮ ದನಿಯನ್ನು ತುಂಬಿ, ಮಾತು, ಅಳು, ಹಾಡು ಎಲ್ಲವನ್ನೂ ಸೇರಿಸಿ ಊರಿಗೆ ಹೋಗುವವರ ಕೈಯಲ್ಲಿ ಕಳುಹಿಸುತ್ತಿದ್ದರು. ಮರುಳುಗಾಡಿನ ಶಿಬಿರದ ಕೋಣೆಯಲ್ಲಿ ಕಂಬಳಿ ಹೊದ್ದು, ಜೊತೆಗಾರರಿಗೆ ಕೇಳಿಸದಂತೆ ಪಿಸುದನಿಯಲ್ಲಿ ಹಾಡಿದ ಹಾಡದು. ಊರೆಲ್ಲ ಕೇಳಲೆಂದು ಹಾಡುತ್ತಿದ್ದ ಅಜ್ಜನಿಂದ ಯಾರೂ ಕೇಳದಿರಲೆಂದು ಹಾಡುವ ಮೊಮ್ಮಗನವರೆಗೆ ಎಷ್ಟು ದೂರ! ಕೊಲ್ಲಿನಾಡಿನ ದೇವಾಲಯಗಳಲ್ಲಿ ಕರಾವಳಿಯ ನಮ್ಮ ಜನರೂ ಈ ಫಿಲಿಪೀನ್ಸಿನವರೂ ಒಂದೇ ಬೆಂಚಿನಲ್ಲಿ ಕುಳಿತವರು. ಈ ಬಗೆಯ ಅಗಲಿಕೆಯ ಬೇನೆಯನ್ನು ಪರಸ್ಪರ ಭಾಷೆ ತಿಳಿಯದೆಯೂ ಬಲ್ಲವರು.

ಅಮೆರಿಕದಲ್ಲಿ ನೆಲೆಸಿದ್ದ ಗಿಟಾರುವಾದಕ ಫ್ಲೊರಾಂತೆ ಅಗಿಲಾರ್, ತಂದೆಯ ಮರಣದ ನಿಮಿತ್ತ ಹನ್ನೆರಡು ವರ್ಷಗಳ ನಂತರ ತಾಯ್ನಾಡಿಗೆ ಮರಳಿದರು; ಹಳೆಯ ಹರಾನಿಸ್ತಾಗಳು ಯಾರಾದರೂ ಉಳಿದಿದ್ದಾರೆಯೇ ಎಂದು ಹಳ್ಳಿಹಳ್ಳಿ ಅಲೆದರು. ಸಿಕ್ಕವರು ಮೂವರು: ಒಬ್ಬ ರೈತ, ಒಬ್ಬ ಮೀನುಗಾರ, ಒಬ್ಬ ತ್ರಿಚಕ್ರವಾಹನದ ಚಾಲಕ. ಎಲ್ಲಿಯೂ ಅಚ್ಚಾಗದ, ಧ್ವನಿಮುದ್ರಣವನ್ನೇ ಕಾಣದ ಹಾಡುಗಳು ಆ ಮುದುಕರ ನಾಲಗೆಯ ಮೇಲಿದ್ದವು. ಈ ಹುಡುಕಾಟವನ್ನು ಕುರಿತು ಬೆನಿತೊ ಬಾವ್ತಿಸ್ತಾ ನಿರ್ದೇಶಿಸಿದ 'ಹರಾನಾ' ಎಂಬ ಸಾಕ್ಷ್ಯಚಿತ್ರ 2012ರಲ್ಲಿ ಬಂತು. ಅದರಲ್ಲಿ ನಾಚಿಕೆಯ ಸ್ವಭಾವದ ಯುವಕನೊಬ್ಬನು ಇವರಿಗೆ ಎದುರಾಗುತ್ತಾನೆ. ಸಹಪಾಠಿಯೊಬ್ಬಳನ್ನು ಎರಡು ವರ್ಷಗಳಿಂದ ಮೆಚ್ಚಿಕೊಂಡಿದ್ದರೂ ಅವಳೆದುರು ಬಾಯಿ ತೆರೆಯಲಾರದವನು. ತನ್ನ ಪರವಾಗಿ ಹಾಡಬೇಕೆಂದು ಅವನು ಕೇಳಿಕೊಳ್ಳುತ್ತಾನೆ. ಮುದುಕರು ಒಪ್ಪುತ್ತಾರೆ. ಕತ್ತಲಾದ ಮೇಲೆ ಗಿಟಾರುಗಳನ್ನು ಶ್ರುತಿ ಮಾಡಿಕೊಂಡು ಅವಳ ಮನೆಯ ಎದುರಿಗೆ ಹೋಗಿ ನಿಂತು, ಮೊದಲ ಹಾಡನ್ನು ಎತ್ತಿಕೊಳ್ಳುತ್ತಾರೆ. ಯುವಕನು ಅವರ ಪಕ್ಕದಲ್ಲಿ ನಿಂತಿರುತ್ತಾನೆ.